ಉತ್ತು ಮುಚ್ಚಿದ ಕಾಲುವೆ

"ಗುರುಗಳೇ, ಇನ್ನೆಷ್ಟು ಕೊಟ್ಟರೆ ಸಾಕಾಗುತ್ತದೆ?" ಎಂದು ಅಡಿವೆಪ್ಪ ಕೇಳಿದ.

ಅವನು ಹತ್ತಿಯ ವ್ಯಾಪಾರಿ. ತಿಂಗಳಿಗೊಮ್ಮೆ ಮಠಕ್ಕೆ ಬಂದು ಗುರುಗಳ ಎದುರು ಸ್ವಲ್ಪ ಹೊತ್ತು ಕೂತು ಹೋಗುವುದು ಅವನ ರೂಢಿ. ತನ್ನ ಊರಿನಲ್ಲಿ ಅವನು ದಿನವೂ ಮಧ್ಯಾಹ್ನ ಬಡವರಿಗೆ ಊಟ ಹಾಕಿಸುತ್ತಿದ್ದ. ಮೊದಲ ವರ್ಷ ಒಂದು ಪಂಕ್ತಿಯಷ್ಟು ಜನ ಬರುತ್ತಿದ್ದರು. ಈಗ ನಾಲ್ಕು ಪಂಕ್ತಿಯಾದರೂ ಹೊರಗೆ ಜನ ನಿಂತಿರುತ್ತಾರೆ. ಉಂಡವರು ಕೈಮುಗಿದು ಹೋಗುತ್ತಾರೆ. ಅವರು ಹೋದ ಮೇಲೆ ತನ್ನ ಮನಸ್ಸಿಗೆ ಮಾತ್ರ ಸಮಾಧಾನವಿಲ್ಲ ಎಂದು ಅಡಿವೆಪ್ಪ ಹೇಳಿಕೊಂಡ.

ಊಟಕ್ಕೆ ಬರುವವರು ಯಾರು ಎಂದು ಗುರುಗಳು ಕೇಳಿದರು. ಹೆಚ್ಚಿನವರು ತನ್ನ ಹತ್ತಿ ಗಿರಣಿಯಲ್ಲಿ ದುಡಿಯುವವರೇ ಎಂದು ಅವನು ಹೇಳಿದ. ಗುರುಗಳು ತಲೆಯಾಡಿಸಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಊರಿನ ಮೇಲುಗಡೆ, ಗುಡ್ಡದ ಬುಡದ ಇಳಿಜಾರಿನಲ್ಲಿ ಅವನ ಎರೆಹೊಲ. ಹೊಲದ ಕೆಳಗೆ ನೇಕಾರರ ಓಣಿ. ಓಣಿಯಿಂದ ಆಚೆಗೆ ಕೆರೆ. ಗುಡ್ಡದ ಮೇಲೆ ಬಿದ್ದ ಮಳೆಯ ನೀರೆಲ್ಲ ರೈತನ ಹೊಲದ ನಡುವೆ ಹಾಯ್ದುಹೋಗುವ ಒಂದು ಕಾಲುವೆಗೆ ಇಳಿಯುತ್ತಿತ್ತು. ಕಾಲುವೆ ಆ ನೀರನ್ನು ಓಣಿಗೆ ಮುಟ್ಟಿಸದೆ ಪಕ್ಕಕ್ಕೆ ತಿರುಗಿಸಿ ಕೆರೆಗೆ ಒಯ್ಯುತ್ತಿತ್ತು. ಅದನ್ನು ತೋಡಿದವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ರೈತನ ಅಜ್ಜನ ಕಾಲದಲ್ಲಿಯೂ ಅದು ಇತ್ತು. ಒಂದು ಬಂಡಿ ಇಳಿಯುವಷ್ಟು ಅಗಲ, ಆಳಿನ ಸೊಂಟದಷ್ಟು ಆಳ.

ಆರು ವರ್ಷ ಮಳೆ ತೆಳುವಾಗಿ ಬಂತು. ಬೆಳೆಗೆ ಸಾಕಾಗುವಷ್ಟು ಬಿತ್ತು, ಹರಿಯುವಷ್ಟು ಬೀಳಲಿಲ್ಲ. ಕಾಲುವೆಯಲ್ಲಿ ಜಾಲಿ ಬೆಳೆಯಿತು. ಮೊದಲ ವರ್ಷ ರೈತ ಜಾಲಿಯನ್ನು ಕಡಿದು ಕಾಲುವೆಯನ್ನು ಚೊಕ್ಕ ಮಾಡಿದ. ಎರಡನೆಯ ವರ್ಷ ಅದರ ದಂಡೆಯ ಮೇಲೆ ಎರಡು ಸಾಲು ಈರುಳ್ಳಿ ಹಚ್ಚಿದ. ಗುಡ್ಡದಿಂದ ಎಷ್ಟೋ ವರ್ಷ ಇಳಿದು ಬಂದು ನಿಂತ ಮೆಕ್ಕಲು ಮಣ್ಣು ಅದು. ಈರುಳ್ಳಿ ಹೊಲದ ಬೇರೆ ಯಾವ ಕಡೆಗಿಂತಲೂ ಚೆನ್ನಾಗಿ ಬಂತು. ಮೂರನೆಯ ವರ್ಷ ಇನ್ನೆರಡು ಸಾಲು ಹಚ್ಚಿದ. ಐದನೆಯ ವರ್ಷ ನೇಗಿಲು ಕಾಲುವೆಯೊಳಗೇ ಇಳಿಯಿತು. ಆರನೆಯ ವರ್ಷ ಹೊಲ ಒಂದೇ ಹಾಸಾಗಿತ್ತು. ಅಲ್ಲೊಂದು ಕಾಲುವೆ ಇತ್ತೆಂದು ಹೇಳಿದರೆ ಹೊಸಬರು ನಂಬುವಂತಿರಲಿಲ್ಲ.

ರೈತ ಕೆಟ್ಟವನಲ್ಲ. ಯಾರಿಗಾದರೂ ತೊಂದರೆಯಾಗಲಿ ಎಂದು ಅವನು ಅದನ್ನು ಮುಚ್ಚಲಿಲ್ಲ. ನೀರಿಲ್ಲದ ಕಾಲುವೆ ಅವನ ಕಣ್ಣಿಗೆ ಬರೀ ಬೀಳು ನೆಲವಾಗಿತ್ತು.

ಏಳನೆಯ ವರ್ಷ ಮಳೆ ಹಿಡಿಯಿತು. ಮೂರು ದಿನ ಬಿಡದೆ ಸುರಿಯಿತು. ಗುಡ್ಡದ ನೀರು ಇಳಿದು ಬಂದು ಹೊಲದಲ್ಲಿ ತನ್ನ ಹಳೆಯ ದಾರಿಯನ್ನು ಹುಡುಕಿತು. ದಾರಿ ಸಿಗಲಿಲ್ಲ. ಹೊಲದ ತುಂಬ ಹರಡಿಕೊಂಡು, ಕೆಳಗಿನ ಬದುವಿಗೆ ಬಂದು ನಿಂತು, ಬದುವಿನಲ್ಲಿ ತಗ್ಗಾಗಿದ್ದ ಕಡೆ ಹಾರಿ ನೇಕಾರರ ಓಣಿಗೆ ಇಳಿಯಿತು.

ಓಣಿಯ ಮೊದಲ ಮನೆಯಲ್ಲಿ ಒಬ್ಬ ಹೆಂಗಸು ತನ್ನ ಅತ್ತೆಯ ಜೊತೆ ಇದ್ದಳು. ಅವಳ ಗಂಡ ತೀರಿಕೊಂಡಿದ್ದ. ಅವನು ನೇಯುತ್ತಿದ್ದ ಮಗ್ಗದಲ್ಲಿ ಈಗ ಅವಳೇ ಸೀರೆ ನೇಯುತ್ತಿದ್ದಳು. ಅದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತು ನೇಯಬೇಕು. ಮನೆಗೆ ನೀರು ಬಂದರೆ ಮೊದಲು ತುಂಬುವುದು ಆ ಕುಣಿಯೇ. ಆ ದಿನವೂ ಹಾಗೇ ಆಯಿತು. ಹಿತ್ತಲಿನಿಂದ ಬಂದ ನೀರು ಕುಣಿ ತುಂಬಿ, ಮಗ್ಗದ ಮೇಲಿದ್ದ ಅರ್ಧ ಸೀರೆಯನ್ನು ಮುಟ್ಟಿತು. ಸೆರಗಿನ ಕೆಂಪು ಬಣ್ಣ ಬಿಟ್ಟುಕೊಂಡು ಸೀರೆಯ ಒಡಲಿಗೆಲ್ಲ ಹತ್ತಿತು. ಅವಳು ಅತ್ತೆಯನ್ನು ಬೆನ್ನ ಮೇಲೆ ಹೊತ್ತುಕೊಂಡು ಊರ ಚಾವಡಿಗೆ ಹೋದಳು.

ಸುದ್ದಿ ಕೇಳಿದ ರೈತನಿಗೆ ನಿಜವಾಗಿಯೂ ಸಂಕಟವಾಯಿತು. ಮಳೆ ನಿಂತ ದಿನವೇ ಎರಡು ಚೀಲ ಜೋಳವನ್ನು ತಾನೇ ಬಂಡಿಯಲ್ಲಿ ಹಾಕಿಕೊಂಡು ಹೋಗಿ ಅವಳ ಮನೆಯ ಮುಂದೆ ಇಳಿಸಿದ. ಬಿದ್ದಿದ್ದ ಹಿತ್ತಲ ಗೋಡೆಯನ್ನು ತನ್ನ ಆಳುಗಳಿಂದ ಕಟ್ಟಿಸಿದ. ಅವಳು ಕೈಮುಗಿದಳು. ಅವಳ ಅತ್ತೆ ಅವನ ತಲೆಯ ಮೇಲೆ ಕೈಯಿಟ್ಟು ಹರಸಿದಳು. ಮನೆಗೆ ಬರುವಾಗ ಅವನ ಎದೆ ಹಗುರವಾಗಿತ್ತು. ಆ ಸಂತೋಷ ಸುಳ್ಳಾಗಿರಲಿಲ್ಲ.

ಎಂಟನೆಯ ವರ್ಷವೂ ಹಾಗೇ ಆಯಿತು. ಈ ಸಲ ಅವನು ಮೂರು ಚೀಲ ಜೋಳ ಕೊಟ್ಟ. ಮುದುಕಿಗೆ ಹೊದೆಯಲು ಕಂಬಳಿ ಕೊಟ್ಟ. ಊರ ಹಿರಿಯರು ಚಾವಡಿಯಲ್ಲಿ ಅವನಿಗೆ ಶಾಲು ಹೊದಿಸಿ, ಇಂಥವನೊಬ್ಬ ಇರುವುದರಿಂದ ಊರು ಊರಾಗಿದೆ ಎಂದರು. ನೇಕಾರರ ಹೆಂಗಸು ಜನರ ಹಿಂದೆ ನಿಂತು ಕೇಳಿದಳು. ಆ ಚಳಿಗಾಲದಲ್ಲಿ ಮನೆಯ ನೆಲ ಆರಲೇ ಇಲ್ಲ. ಮುದುಕಿಗೆ ಕೆಮ್ಮು ಹಿಡಿಯಿತು. ಕುಣಿಯ ಗೋಡೆ ಕುಸಿಯುತ್ತಲೇ ಇದ್ದುದರಿಂದ ಮಗ್ಗ ಮೂರು ತಿಂಗಳು ನಿಂತಿತು. ರೈತ ಕೊಟ್ಟ ಜೋಳ ಅವರನ್ನು ಸಾಯದಂತೆ ಉಳಿಸಿತು.

ಒಂಬತ್ತನೆಯ ವರ್ಷ ಮಳೆ ಹಗಲಿನಲ್ಲೇ ಜೋರಾಯಿತು. ನೀರು ಹಿತ್ತಲಿಗೆ ಬರುತ್ತಿದ್ದಂತೆ ಅವಳು ಅತ್ತೆಯನ್ನು ಚಾವಡಿಯಲ್ಲಿ ಕೂರಿಸಿ ಬಂದಳು. ಮಗ್ಗವನ್ನು ಉಳಿಸಲು ಈ ಸಲ ಒಳಗೆ ಹೋಗಲಿಲ್ಲ. ತಲೆಯ ಮೇಲೆ ಗೋಣಿಚೀಲ ಹಾಕಿಕೊಂಡು, ನೀರು ಬರುವ ಕಡೆಗೆ ನಡೆದಳು. ಹಿತ್ತಲು ದಾಟಿದಳು. ಓಣಿಯ ತಲೆ ದಾಟಿದಳು. ನೀರು ಮೊಣಕಾಲಿಗೆ ಬರುತ್ತಿತ್ತು. ಅದು ಎಲ್ಲಿಂದ ಇಳಿಯುತ್ತಿತ್ತೋ ಆ ಬದುವನ್ನು ಹತ್ತಿದಳು.

ಬದುವಿನ ಮೇಲೆ ರೈತ ಸಲಿಕೆ ಹಿಡಿದು ನಿಂತಿದ್ದ. ಬದು ಒಡೆದರೆ ಈರುಳ್ಳಿ ಕೊಚ್ಚಿಹೋಗುತ್ತದೆಂದು ಮಣ್ಣು ಏರಿಸುತ್ತಿದ್ದ. ಅವಳನ್ನು ಅಲ್ಲಿ ಕಂಡು ಅವನು ಗಾಬರಿಯಾದ. ಅತ್ತೆ ಹೇಗಿದ್ದಾರೆಂದು ವಿಚಾರಿಸಿದ. ಜೋಳ ಕಳಿಸುವುದಾಗಿಯೂ ಈ ಸಲ ಗೋಡೆಯನ್ನು ಕಲ್ಲಿನಲ್ಲೇ ಕಟ್ಟಿಸುವುದಾಗಿಯೂ ಹೇಳಿದ.

ಅವಳು ಹೊಲವನ್ನು ನೋಡುತ್ತಿದ್ದಳು.

"ಅಣ್ಣಾ, ಈ ನೀರು ಮೊದಲು ಎಲ್ಲಿ ಹೋಗುತ್ತಿತ್ತು?" ಎಂದು ಕೇಳಿದಳು.

"ಇಲ್ಲೊಂದು ಕಾಲುವೆ ಇತ್ತು ತಂಗಿ. ಎಷ್ಟೋ ವರ್ಷ ನೀರಿಲ್ಲದೆ ಒಣಗಿ ಬಿದ್ದಿತ್ತು. ಹೊಲಕ್ಕೆ ಸೇರಿಸಿಕೊಂಡೆ," ಎಂದು ರೈತ ಹೇಳಿದ.

"ನೀವು ಕೊಟ್ಟಿದ್ದನ್ನು ಎರಡು ವರ್ಷ ಉಂಡಿದ್ದೇವೆ. ಇಲ್ಲ ಅನ್ನುವುದಿಲ್ಲ. ಇನ್ನು ನಮಗೆ ಜೋಳ ಬೇಡ. ನೀರಿಗೆ ಅದರ ಕಾಲುವೆ ಕೊಡಿ."

ಇಷ್ಟು ಹೇಳಿ ಅವಳು ಬದು ಇಳಿದು ಹೋದಳು.

ರೈತನಿಗೆ ಸಿಟ್ಟು ಬಂತು. ಊರಿನಲ್ಲಿ ಬೇರೆ ಯಾರೂ ಒಂದು ಹಿಡಿ ಕಾಳು ಕೊಡದಿದ್ದಾಗ ಕೊಟ್ಟವನು ತಾನು. ಅವಳಿಗೆ ಉಪಕಾರದ ನೆನಪಿಲ್ಲ ಎಂದು ಹೆಂಡತಿಯ ಮುಂದೆ ಹೇಳಿದ. ಆದರೂ ಮಳೆ ನಿಂತ ಮೇಲೆ ಆಳಿನ ಕೈಯಲ್ಲಿ ಜೋಳದ ಚೀಲ ಕಳಿಸಿದ. ಚೀಲ ಕಟ್ಟು ಬಿಚ್ಚದೆ ವಾಪಸು ಬಂತು.

ಊರಿನಲ್ಲಿ ಮಾತಾಯಿತು. ಇಲ್ಲದವಳಿಗೆ ಇಷ್ಟೊಂದು ಸೊಕ್ಕೇ ಎಂದರು. ಹಿರಿಯರು ಇಬ್ಬರನ್ನೂ ಚಾವಡಿಗೆ ಕರೆಸಿದರು. ಊರಿನ ಇನ್ನೊಂದು ಬದಿಯಲ್ಲಿ ಎತ್ತರದ ಜಾಗ ನೋಡಿ ಅವಳಿಗೊಂದು ಮನೆ ಕಟ್ಟಿಸಿಕೊಡುವುದು ಒಳ್ಳೆಯದೆಂದು ಹೇಳಿದರು. ರೈತ ಒಪ್ಪಿದ. ಅವಳು ಒಪ್ಪಲಿಲ್ಲ. ತಾನು ಹೋದರೆ ನೀರು ಪಕ್ಕದ ಮನೆಗೆ ನುಗ್ಗುತ್ತದೆ, ಆ ಮನೆಯವರಿಗೂ ಇವರು ಮನೆ ಕಟ್ಟಿಸಿಕೊಡುತ್ತಾರೆಯೇ ಎಂದು ಕೇಳಿದಳು. ಪಕ್ಕದ ಮನೆಯವನು ಅಲ್ಲೇ ಕೂತಿದ್ದ. ಅವನು ಅದುವರೆಗೆ ರೈತನ ಕಡೆ ಮಾತಾಡುತ್ತಿದ್ದ. ಆಮೇಲೆ ಮಾತಾಡಲಿಲ್ಲ. ಪಂಚಾಯಿತಿ ಏನೂ ತೀರ್ಮಾನವಾಗದೆ ಎದ್ದಿತು.

ಆ ವರ್ಷ ಅವಳು ಜೋಳವಿಲ್ಲದೆ ಹೇಗೆ ಕಳೆದಳೆಂಬುದು ರೈತನಿಗೆ ತಿಳಿಯಲಿಲ್ಲ. ಬೇರೆಯವರ ಮಗ್ಗಕ್ಕೆ ನೂಲು ಸುತ್ತಿಕೊಟ್ಟಳೆಂದು ಕೆಲವರು ಹೇಳಿದರು. ಮುದುಕಿ ಮಾಘದಲ್ಲಿ ತೀರಿಕೊಂಡಳು. ರೈತ ಮಣ್ಣಿಗೆ ಹೋಗಿ ಎಲ್ಲರಿಗಿಂತ ಹಿಂದೆ ನಿಂತುಬಂದ. ವಯಸ್ಸಾಗಿತ್ತು ಎಂದು ಜನ ಹೇಳಿದರು. ಅದು ನಿಜವೂ ಆಗಿತ್ತು.

ಬೇಸಿಗೆ ಮುಗಿಯಿತು. ನೆಲದೊಳಗಿನ ಹಗೇವಿನಿಂದ ಜೋಳ ತೆಗೆಸುವ ದಿನ ಬಂತು. ಮನೆಗೆ ಇಷ್ಟು, ಬೀಜಕ್ಕೆ ಇಷ್ಟು, ಆಳುಗಳಿಗೆ ಇಷ್ಟು ಎಂದು ರೈತ ಬೇರೆ ಬೇರೆ ಮಾಡುತ್ತಿದ್ದ. ಎಲ್ಲ ಮುಗಿದ ಮೇಲೆ ಮೂರು ಚೀಲಗಳನ್ನು ತೆಗೆದು ಗೋಡೆಯ ಪಕ್ಕಕ್ಕೆ ಇಟ್ಟ. ಅದು ಯಾರಿಗೆ ಎಂದು ಹೆಂಡತಿ ಕೇಳಿದಳು. ನೇಕಾರರ ಹೆಂಗಸಿಗೆ, ಕೋಪ ಇಳಿದಿದ್ದರೆ ತೆಗೆದುಕೊಂಡಾಳು ಎಂದು ಅವನು ಹೇಳಿದ. ಇನ್ನೂ ಮಳೆಯೇ ಬಿದ್ದಿಲ್ಲವಲ್ಲ ಎಂದು ಹೆಂಡತಿ ಅಂದಳು.

ಅವಳು ಅದನ್ನು ಚುಚ್ಚಬೇಕೆಂದು ಹೇಳಲಿಲ್ಲ. ಸುಮ್ಮನೆ ಹೇಳಿದಳು. ರೈತ ಚೀಲಗಳ ಮುಂದೆ ನಿಂತ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಒಬ್ಬಳ ಮನೆ ಮುಳುಗುವುದೆಂದು ಅವನು ಆಗಲೇ ಜೋಳ ಅಳೆದು ಇಟ್ಟಿದ್ದ. ಆ ಮಧ್ಯಾಹ್ನ ಅವನಿಗೆ ಊಟ ಸೇರಲಿಲ್ಲ. ಹೆಂಡತಿ ಕೇಳಿದರೆ ಸೆಕೆ ಎಂದ.

ಮರುದಿನ ಅವನು ಗುದ್ದಲಿ ತೆಗೆದುಕೊಂಡು ಹೊಲಕ್ಕೆ ಹೋದ. ಕಾಲುವೆ ಎಲ್ಲಿತ್ತೆಂದು ಅವನಿಗೇ ಸರಿಯಾಗಿ ಗುರುತು ಸಿಗಲಿಲ್ಲ. ಅಷ್ಟು ಚೆನ್ನಾಗಿ ಮುಚ್ಚಿದ್ದ. ಇದ್ದ ಕಡೆಯೇ ತೋಡಿದರೆ ಹೊಲ ಎರಡು ಹೋಳಾಗುತ್ತದೆ, ಒಳ್ಳೆಯ ಮಣ್ಣೆಲ್ಲ ಹೋಗುತ್ತದೆ. ಅದಕ್ಕೆ ಹೊಲದ ಅಂಚಿನಲ್ಲಿ, ಕಲ್ಲು ಹೆಚ್ಚಾಗಿದ್ದ ಕಡೆ, ಪಕ್ಕದ ಬದುವಿಗೆ ಹತ್ತಿಕೊಂಡು ತೋಡಿಸಿದ. ಹನ್ನೆರಡು ದಿನದ ಕೆಲಸ. ಮೊದಲ ಮಳೆ ಬಂತು. ಅಷ್ಟೇನೂ ದೊಡ್ಡದಲ್ಲ. ಗುಡ್ಡದಿಂದ ಇಳಿದ ನೀರು ಹೊಸ ಕಾಲುವೆಯ ಬಾಯಿಯವರೆಗೂ ಬರಲಿಲ್ಲ. ಹೊಲದ ನಡುವೆಯೇ ಇಳಿದು, ಹಿಂದಿನಂತೆಯೇ ಬದು ಹಾರಿ, ಅವಳ ಹಿತ್ತಲವರೆಗೆ ಹೋಗಿ ನಿಂತಿತು. ತಾನು ನೀರಿಗೆ ಕೊಟ್ಟದ್ದು ತನಗೆ ಬೇಡವಾದ ಜಾಗವನ್ನು ಎಂದು ರೈತನಿಗೆ ತಿಳಿಯಿತು.

ಆ ಊರಿನಲ್ಲಿ ಬಾವಿ ತೋಡುವ ಒಬ್ಬ ಮುದುಕನಿದ್ದ. ರೈತ ಅವನನ್ನು ಕರೆದುಕೊಂಡು ಬಂದ. ಮುದುಕ ಏನೂ ಅಳೆಯಲಿಲ್ಲ. ಮುಂದಿನ ಮಳೆ ಬರುವವರೆಗೆ ಕಾಯಬೇಕೆಂದ. ಮಳೆ ಬಂದಾಗ ಇಬ್ಬರೂ ಹೊಲದಲ್ಲಿ ನಿಂತರು. ನೀರು ಎಲ್ಲಿ ಓಡುತ್ತಿತ್ತೋ ಅಲ್ಲೆಲ್ಲ ಮುದುಕ ಜಾಲಿಯ ಗೂಟ ನೆಡಿಸಿದ. ಎಲ್ಲಿ ನಿಲ್ಲುತ್ತಿತ್ತೋ ಅಲ್ಲಿ ಎರಡು ಗೂಟ ನೆಡಿಸಿದ. ಮಳೆ ನಿಂತ ಮೇಲೆ ನೋಡಿದರೆ ಗೂಟಗಳ ಸಾಲು ಈರುಳ್ಳಿಯ ಮಡಿಗಳ ಸರೀ ನಡುವೆ ಇತ್ತು.

ರೈತ ಬಹಳ ಹೊತ್ತು ಆ ಸಾಲನ್ನು ನೋಡಿದ. ಆಮೇಲೆ ತಾನೇ ಮೊದಲ ಗುದ್ದಲಿ ಹಾಕಿದ.

ಹನ್ನೆರಡು ಸಾಲು ಈರುಳ್ಳಿ ಅರೆಬಲಿತಿದ್ದ ಹಾಗೆಯೇ ಕಿತ್ತುಹಾಕಬೇಕಾಯಿತು. ಕಾಲುವೆಯ ಬದಿಗಳನ್ನು ಕಡಿದಾಗಿ ಬಿಡದೆ ಇಳಿಜಾರು ಮಾಡಿದರು. ಕಡಿದಾಗಿದ್ದರೆ ಎರೆಮಣ್ಣು ಬಿರುಕು ಬಿಟ್ಟು ಒಳಗೆ ಬೀಳುತ್ತದೆ ಎಂದು ಮುದುಕ ಹೇಳಿದ್ದ. ಬಗೆದ ಮಣ್ಣನ್ನು ಓಣಿಯ ಕಡೆಗೆ ದಂಡೆಯಾಗಿ ಹಾಕಿದರು. ದಂಡೆಯ ಮೇಲೆ ಗರಿಕೆ ಹಚ್ಚಿದರು. ಕಾಲುವೆ ತಿರುಗುವ ಕಡೆ ಮತ್ತು ಕೆರೆಗೆ ಬೀಳುವ ಕಡೆ ಕಲ್ಲು ಜೋಡಿಸಿದರು. ಎತ್ತು ದಾಟಲು ಒಂದು ಚಪ್ಪಡಿ ಹಾಸಿದರು. ಅದುವರೆಗೆ ಒಂದೇ ಉಸಿರಿನಲ್ಲಿ ಉಳುತ್ತಿದ್ದ ಹೊಲವನ್ನು ಇನ್ನು ಎರಡು ಸಲ ಎತ್ತು ತಿರುಗಿಸಿ ಉಳಬೇಕಾಯಿತು.

ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಇಂಥ ಮಣ್ಣನ್ನು ಯಾರಾದರೂ ಕಾಲುವೆಗೆ ಹಾಕುತ್ತಾರೆಯೇ ಎಂದು ಒಬ್ಬ ಕೇಳಿದ. ರೈತ ಅಗೆಯುತ್ತಲೇ ಇದ್ದ. ಅವನಿಗೂ ಆ ಮಣ್ಣಿನ ಮೇಲೆ ಆಸೆ ಇತ್ತು.

ಆಮೇಲೆ ದೊಡ್ಡ ಮಳೆ ಬಂತು. ನಾಲ್ಕು ದಿನ ಸುರಿಯಿತು. ರೈತ ಕಾಲುವೆಯ ದಂಡೆಯ ಮೇಲೆ ಸಲಿಕೆ ಹಿಡಿದು ನಿಂತ. ಗುಡ್ಡದಿಂದ ಕೆಂಪು ನೀರು ಇಳಿಯಿತು. ಕಾಲುವೆಯ ಬಾಯಿಗೆ ಬಂತು. ಬಾಯಿಯಲ್ಲಿ ಸ್ವಲ್ಪ ಸುತ್ತಿ, ಒಳಗೆ ಇಳಿದು, ತಿರುವಿನಲ್ಲಿ ಕಲ್ಲಿಗೆ ಬಡಿದು, ಕೆರೆಯ ಕಡೆಗೆ ಹೋಯಿತು. ಎರಡು ಕಡೆ ದಂಡೆ ಸ್ವಲ್ಪ ಜರಿಯಿತು. ಅವನು ಮಣ್ಣು ಹಾಕಿ ತುಳಿದ. ಬೇರೆ ಮಾಡುವುದೇನೂ ಇರಲಿಲ್ಲ.

ಮಳೆ ನಿಂತ ದಿನ ಅವನಿಗೆ ಓಣಿಗೆ ಹೋಗಿ ನೋಡಿಬರಬೇಕೆನಿಸಿತು. ಹೊರಟು ಓಣಿಯ ತಲೆಯವರೆಗೂ ಹೋದ. ಹಿಂದೆ ಆ ಮನೆಗೆ ಹೋದಾಗಲೆಲ್ಲ ಬಂಡಿಯಲ್ಲಿ ಜೋಳ ಇರುತ್ತಿತ್ತು. ಬರಿಗೈಯಲ್ಲಿ ಹೇಗೆ ಹೋಗಬೇಕು, ಹೋಗಿ ಏನು ಹೇಳಬೇಕು ಎಂದು ಅವನಿಗೆ ತಿಳಿಯಲಿಲ್ಲ. ಅಲ್ಲಿಂದಲೇ ತಿರುಗಿ ಮನೆಗೆ ಬಂದ.

ಆ ವರ್ಷ ಚಾವಡಿಯಲ್ಲಿ ಅವನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಶಾಲು ಇನ್ನೊಬ್ಬನಿಗೆ ಹೋಯಿತು. ಆ ಇನ್ನೊಬ್ಬ ಗುಡಿಯ ಮುಂದೆ ನೆರಳಿಗೆ ಚಪ್ಪರ ಹಾಕಿಸಿದ್ದ. ರೈತನ ಕೈ ಈಗ ಬಿಗಿಯಾಗಿದೆ, ಮೊದಲಿನ ಹಾಗೆ ಕೊಡುವುದಿಲ್ಲ ಎಂದು ಒಬ್ಬರಿಬ್ಬರು ಆಡಿಕೊಂಡರು. ಅದು ಅವನ ಕಿವಿಗೂ ಬಿತ್ತು. ಕೆಲವು ದಿನ ನೋವಾಯಿತು.

ನೇಕಾರರ ಹೆಂಗಸು ಅವನ ಮನೆಗೆ ಬರಲಿಲ್ಲ. ಸುಗ್ಗಿಯ ಹೊತ್ತಿಗೆ ಒಂದು ದಿನ ಸಂತೆಯ ದಾರಿಯಲ್ಲಿ ಎದುರಾದಳು. ತಲೆಯ ಮೇಲೆ ಮಡಿಸಿದ ಸೀರೆಗಳ ಗಂಟು ಇತ್ತು. ಅವನು ನಿಂತ. ಅವಳು ಏನಾದರೂ ಹೇಳಿಯಾಳೆಂದು ಕಾಯ್ದ. ಸಂತೆಗೆ ಹೊರಟಿರಾ ಅಣ್ಣಾ ಎಂದು ಕೇಳಿದಳು. ಹೌದೆಂದ. ಅವಳು ಮುಂದೆ ನಡೆದಳು. ಈ ಸಲ ಕೈಮುಗಿಯಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಕತೆ ಮುಂದುವರಿಯುತ್ತದೆಂದು ಅಡಿವೆಪ್ಪ ಸ್ವಲ್ಪ ಹೊತ್ತು ಕಾಯ್ದ. ಮುಂದುವರಿಯಲಿಲ್ಲ.

"ಗುರುಗಳೇ, ಅಷ್ಟು ಒಳ್ಳೆಯ ನೆಲ ಬಿಟ್ಟುಕೊಟ್ಟ. ಊರಿನವರು ಹೊಗಳಲಿಲ್ಲ. ಅವಳೂ ಒಂದು ಮಾತು ಹೇಳಲಿಲ್ಲ. ಹಾಗಾದರೆ ಅವನಿಗೆ ಬಂದ ಫಲವೇನು?" ಎಂದು ಕೇಳಿದ.

"ಅವಳ ಮನೆಗೆ ನೀರು ಬರಲಿಲ್ಲ," ಎಂದರು ಗುರುಗಳು.

ಅಡಿವೆಪ್ಪ ಗುರುಗಳಿಗೆ ನಮಸ್ಕರಿಸಿ, ಗಿರಣಿಯ ಆಳುಗಳ ಕೂಲಿಯ ಲೆಕ್ಕವನ್ನು ಮನಸ್ಸಿನಲ್ಲೇ ಹಾಕುತ್ತ ಎದ್ದು ಹೊರಟ.